ಹೆಲ್ಮಿ ರೌಟಿಯೋ ಹಾರ್ನ್ ಹೊಡೆದ ಬೆಳಿಗ್ಗೆ

ನವೆಂಬರ್ ಹದಿನೈದನೇ ತಾರೀಖು ಬೆಳಿಗ್ಗೆ ನಮ್ಮ ಊರು ಟ್ಯಾಮರಾಕ್ ಕಾರ್ನರ್ಸಿನಲ್ಲಿ ಯಾರೂ ಜೋರಾಗಿ ಕೆಮ್ಮುವುದು ಕೂಡ ಇಲ್ಲ. ಜಿಂಕೆ ಬೇಟೆ ಶುರುವಾಗುವ ದಿನ ಅದು. ಶಾಲೆಗೆ ರಜೆ. ಮರದ ಗಿರಣಿಯಲ್ಲಿ ಯಂತ್ರ ಆಡುವುದಿಲ್ಲ. ಊರಿನ ಮುಕ್ಕಾಲು ಪಾಲು ಜನ ಬೆಳಕು ಹರಿಯುವ ಮೊದಲೇ ಕಾಡು ಸೇರಿ, ತಮ್ಮ ತಮ್ಮ ಜಾಗದಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಅಂಥ ಬೆಳಿಗ್ಗೆ, ಎಂಟು ಗಂಟೆಗೆ ಐದು ನಿಮಿಷ ಇರುವಾಗ, ಹಳೆಯ ಗಣಿ ರಸ್ತೆಯ ಕಡೆಯಿಂದ ಗಾಡಿಯ ಹಾರ್ನ್ ಕೇಳಿಸಿತು. ಒಂದು ಸಲ ಹೊಡೆದು ನಿಲ್ಲಿಸಿದ್ದಲ್ಲ. ಮೂರು ಸಲ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ, ಮತ್ತೆ ಮೂರು.

ಹೊಡೆಯುತ್ತಿರುವವಳು ಹೆಲ್ಮಿ ರೌಟಿಯೋ ಎಂದು ಗೊತ್ತಾದಾಗ ನಮ್ಮಲ್ಲಿ ಯಾರೂ ನಂಬಲಿಲ್ಲ. ಬೇಟೆಯ ಬೆಳಿಗ್ಗೆ ಸದ್ದು ಮಾಡಬಾರದು ಎಂದು ಊರಿಗೆಲ್ಲ ಕಲಿಸಿದವಳೇ ಅವಳು. ಬೀಗದ ಕೈಗಳನ್ನು ಗೊಂಚಲಿನಿಂದ ಬಿಡಿಸಿಟ್ಟು ಹೋಗಿ, ಚಾಕೊಲೇಟಿನ ಕಾಗದವನ್ನು ಮನೆಯಲ್ಲೇ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ, ಜಿಪ್ಪಿನ ತುದಿಗೆ ಬಟ್ಟೆಯ ಚೂರು ಸುತ್ತಿ ಎಂದೆಲ್ಲ ಹೇಳಿಕೊಟ್ಟವಳು. ಅವಳೇ ಆ ದಿನ ಇಡೀ ಕಾಡಿನ ಜಿಂಕೆಗಳನ್ನು ಓಡಿಸಿಬಿಟ್ಟಳು. ಅವಳ ಮಾತು ಕೇಳಿದ ಒಬ್ಬ ಮನುಷ್ಯನ ಉಸಿರು ನಿಲ್ಲುವ ಮೊದಲು ಅವಳು ಅವನನ್ನು ತಲುಪಬೇಕಾಗಿತ್ತು.

ನಾನು ಅವಳ ಬೇಲಿಯ ಆಚೆಯ ಮನೆಯಲ್ಲಿ ಬೆಳೆದವನು. ಆದರೆ ಆ ಬೆಳಿಗ್ಗೆ ಕಾಡಿನಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಹೆಲ್ಮಿಯನ್ನು ಕೇಳಿದ್ದೇನೆ, ಒನ್ನಿ ಟೋಲೊನೆನ್‌ನನ್ನು ಕೇಳಿದ್ದೇನೆ, ಸಾಲ್ಮೆಲಾ ಅಣ್ಣತಮ್ಮಂದಿರನ್ನು ಕೇಳಿದ್ದೇನೆ. ಎಲ್ಲರ ಮಾತೂ ಹೊಂದುವ ಕಡೆ ಮಾತ್ರ ಖಚಿತವಾಗಿ ಬರೆದಿದ್ದೇನೆ.

ಹೆಲ್ಮಿಗೆ ಆಗ ಅರವತ್ತೆಂಟು. ಅವಳ ಅಪ್ಪ ಮರ ಕಡಿಯುವ ಶಿಬಿರಗಳಲ್ಲಿ ದುಡಿದವನು. ಒಂದು ಚಳಿಗಾಲ ಒದ್ದೆ ಬೂಟಿನಲ್ಲೇ ಹನ್ನೊಂದು ಮೈಲಿ ನಡೆದು ಎಡಗಾಲಿನ ಮೂರು ಬೆರಳು ಕಳೆದುಕೊಂಡಿದ್ದ. ಆಮೇಲೆ ಅವನು ಸಾಮಾನುಗಳ ವಿಷಯದಲ್ಲಿ ಯಾರನ್ನೂ ನಂಬಲಿಲ್ಲ. ಹೆಲ್ಮಿಗೆ ಒಂಬತ್ತು ವರ್ಷವಾದಾಗ ಅವಳಿಗೆ ಹೊಸ ಕೋಟು, ಹೊಸ ಬೂಟು ತಂದುಕೊಟ್ಟು, ಹಿತ್ತಲಿನ ಹಿಮದಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕೂರಿಸಿದನಂತೆ. ಅಡುಗೆಮನೆಯ ಕಿಟಕಿಯಲ್ಲಿ ತಾನು ಕೂತು, ಗಂಟೆಗೊಮ್ಮೆ ಗಾಜು ತಟ್ಟಿ "ಎಲ್ಲಿ ಚಳಿ?" ಎಂದು ಕೇಳುವುದು. ಅವಳು ಬೆರಳಿಂದ ಕುತ್ತಿಗೆ ತೋರಿಸಿದರೆ ಕುತ್ತಿಗೆಗೆ ಒಂದು ಉಣ್ಣೆ ಪಟ್ಟಿ. ಹೀಗೆ ಅವಳಿಗೆ ಬಂದ ಪಾಠ ಇದು: ಹಿತ್ತಲಿನಲ್ಲಿ ಪರೀಕ್ಷೆ ಆಗದ ಸಾಮಾನು ಕಾಡಿಗೆ ಹೋಗಬಾರದು. ಹಿತ್ತಲಿನಲ್ಲಿ ತಪ್ಪಾದರೆ ಮನೆಯೊಳಗೆ ಓಡಬಹುದು. ಕಾಡಿನಲ್ಲಿ ತಪ್ಪಾದರೆ ಓಡಲು ಮನೆ ಇರುವುದಿಲ್ಲ.

ಮೂವತ್ತೊಂದು ವರ್ಷ ಅವಳು ಕ್ಯಾನ್ವಾಸ್ ಹೊಲಿಯುವ ಕಾರ್ಖಾನೆಯಲ್ಲಿ ಡೇರೆಗಳನ್ನು ಹೊಲಿದಳು. ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಪ್ರತಿ ವರ್ಷ ಯೋಚ್ನೆ ಮಾಡೋಷ್ಟರಲ್ಲಿ ನವೆಂಬರ್ ಬಂದ್ಬಿಡ್ತಿತ್ತು" ಎನ್ನುತ್ತಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಒಂದು ಹೊಲಿಗೆ ಯಂತ್ರವನ್ನು ತಂದು ಗ್ಯಾರೇಜಿನಲ್ಲಿ ಇಟ್ಟುಕೊಂಡಳು. ಜನ ಹರಿದ ಡೇರೆ, ಕಿತ್ತ ಚೀಲ ತರುತ್ತಿದ್ದರು. ತಂದವರು ಸುಮ್ಮನೆ ಹೋಗುತ್ತಿರಲಿಲ್ಲ, ಒಂದು ಪ್ರಶ್ನೆ ಕೇಳುತ್ತಿದ್ದರು. ಹಾಗೆ ಸೆಪ್ಟೆಂಬರಿನಿಂದ ಬೇಟೆಯ ದಿನದವರೆಗೆ ಪ್ರತಿ ಶನಿವಾರ ಅವಳ ಹಿತ್ತಲು ತುಂಬತೊಡಗಿತು.

ಹಿತ್ತಲಿನಲ್ಲಿ ಎರಡು ಡೇರೆ ಯಾವಾಗಲೂ ನಿಂತಿರುತ್ತಿದ್ದವು. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹನ್ನೆರಡು ತರದ ಕಾಲುಚೀಲಗಳು ನೇತಾಡುತ್ತಿದ್ದವು. ಎಲ್ಲವನ್ನೂ ಒಂದೇ ಹೊತ್ತಿಗೆ ನೆನೆಸಿ ಯಾವುದು ಮೊದಲು ಒಣಗುತ್ತದೆ ಎಂದು ತೋರಿಸಲು. ಒಂದು ಉದ್ದ ಮೇಜಿನ ಮೇಲೆ ಒಲೆಗಳು, ದೀಪಗಳು. ಬೇಲಿಯ ಹತ್ತಿರ ನಾಲ್ಕು ಗಿಡ್ಡ ಕಾಲುಗಳ ಮೇಲೆ ಒಂದು ಬೇಟೆ ಅಟ್ಟಣೆ. ನಮ್ಮ ಕಡೆ ಅಟ್ಟಣೆ ಎಂದರೆ ಪ್ಲೈವುಡ್ಡಿನ ಪುಟ್ಟ ಕೋಣೆ, ಒಬ್ಬರೋ ಇಬ್ಬರೋ ಕೂರುವಷ್ಟು, ಮೂರು ಕಡೆ ಕಿಟಕಿ. ಕಾಡಿನಲ್ಲಾದರೆ ಅದನ್ನು ಎತ್ತರದ ಕಾಲುಗಳ ಮೇಲೆ ನಿಲ್ಲಿಸುತ್ತಾರೆ. ಹಿತ್ತಲಿನ ಅಟ್ಟಣೆಯಲ್ಲಿ ಹಳೆಯ ಕಾರಿನ ಸೀಟು ಹಾಕಿತ್ತು.

ಒನ್ನಿ ಟೋಲೊನೆನ್ ಅಲ್ಲಿ ಪ್ರತಿ ಶನಿವಾರ ಹಾಜರು. ಹೆಲ್ಮಿಯ ಜೊತೆ ಒಂದನೇ ತರಗತಿಯಿಂದ ಜಗಳ ಆಡಿದವನು. ಯಂತ್ರ ಹಾಕಿಕೊಂಡರೂ ಕಿವಿ ಅರ್ಧ ಕೇಳುತ್ತಿರಲಿಲ್ಲ. ಹೆಲ್ಮಿ ಏನು ಹೇಳಿದರೂ ಅದರ ವಿರುದ್ಧ ಮಾಡುವುದೇ ಅವನ ಕೆಲಸ.

"ಬೂಟನ್ನ ಒಲೆ ಹತ್ರ ಇಡಬೇಡಿ, ಅಂಟು ಬಿಟ್ಟು ಅಡಿ ಕಿತ್ತುಬರುತ್ತೆ" ಎಂದು ಹೆಲ್ಮಿ ಯಾರಿಗೋ ಹೇಳುತ್ತಿದ್ದರೆ ಒನ್ನಿ ಹಿಂದಿನಿಂದ, "ನಾನು ನಲವತ್ತು ವರ್ಷದಿಂದ ಒಲೆ ಮೇಲೇ ಇಡ್ತಿದೀನಿ" ಎನ್ನುವನು.

"ಅದಕ್ಕೇ ನಿನ್ನ ಬೂಟಿಗೆ ಬಾಯಿ ಬಂದಿರೋದು. ನಿನಗಿಂತ ಹೆಚ್ಚು ಮಾತಾಡುತ್ತೆ ಅದು."

ಎಲ್ಲರೂ ನಗುವರು. ಒನ್ನಿ ತನ್ನ ಬೂಟಿನ ಬಾಯಿಯನ್ನು ಬೆರಳಿನಿಂದ ತೆರೆದು ಮುಚ್ಚಿ ತೋರಿಸುವನು.

ಹೆಲ್ಮಿಗೆ ಒಂದು ಕೆಟ್ಟ ಗುಣ ಇತ್ತು. ಒಂದೇ ಪ್ರಶ್ನೆಗೆ ಎರಡನೇ ಸಲ ಉತ್ತರ ಹೇಳುತ್ತಿರಲಿಲ್ಲ. ಮರೆತು ಮತ್ತೆ ಕೇಳಿದವರಿಗೆ, "ಯಾಕೆ, ಕಲ್ಲಿನ ಮೇಲೆ ಕೆತ್ತಿಸಿ ಕೊಡ್ಬೇಕಿತ್ತಾ?" ಎಂದು ಎಲ್ಲರೆದುರು ಕೇಳಿಬಿಡುತ್ತಿದ್ದಳು. ಪಾದ್ರಿಗೂ ಹಾಗೇ ಕೇಳಿದ್ದಾಳೆ. ಜನ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಎರಡನೇ ಸಲ ಕೇಳಲು ಹೆದರುತ್ತಿದ್ದರು.

ಅದಕ್ಕೇ ಗ್ಯಾರೆಟ್ ಪಿಲಾರ್‌ಸ್ಕಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಗ್ಯಾರೆಟ್ ನಮ್ಮ ಹೊಸ ಅಂಚೆಯವನು, ದೊಡ್ಡ ಸೇತುವೆಯ ಆಚೆಯಿಂದ, ಅಂದರೆ ನಮ್ಮ ಸೀಮೆಯ ಹೊರಗಿನಿಂದ ಬಂದವನು, ಮೂವತ್ತೆರಡು ವರ್ಷ. ಊರಿನ ನಾನ್ನೂರ ಹನ್ನೆರಡು ಅಂಚೆ ಪೆಟ್ಟಿಗೆಗಳು ಯಾರ ಯಾರದು ಎಂದು ಮೂರೇ ವಾರದಲ್ಲಿ ಬಾಯಿಪಾಠ ಮಾಡಿದ್ದ. ಹೆಂಡತಿಯ ಹೆಸರಿನ ಕಾಗದವನ್ನು ಬೇರೆಯಾಗಿ ಹೋದ ಗಂಡನ ಹೊಸ ವಿಳಾಸಕ್ಕೆ ಅಪ್ಪಿತಪ್ಪಿಯೂ ಹಾಕಿದವನಲ್ಲ. ಆದರೆ ಬೇಟೆ ಅವನಿಗೆ ಹೊಸದು. ಜೇಬಿನಲ್ಲಿ ಹಸಿರು ರಟ್ಟಿನ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್.

"ಪೆನ್ನಲ್ಲಿ ಬರಿ ಕಣಪ್ಪಾ, ಅಳಿಸಿಹೋಗುತ್ತೆ" ಎಂದ ಒನ್ನಿ ಒಂದು ದಿನ.

"ಚಳೀಲಿ ಪೆನ್ನು ಬರೆಯಲ್ಲ ಅಂತ ಹೆಲ್ಮಿ ಹೇಳಿದ್ರು" ಎಂದ ಗ್ಯಾರೆಟ್, ತುಂಬ ಗಂಭೀರವಾಗಿ.

ಹೆಲ್ಮಿ ಒನ್ನಿಯ ಕಡೆ ತಿರುಗಿ, "ನೋಡು, ಅರವತ್ತು ವರ್ಷದಲ್ಲಿ ನನ್ನ ಮಾತು ಕೇಳೋನು ಒಬ್ಬ ಹುಟ್ಟಿದ" ಎಂದಳು. ಅವಳಿಗೆ ಎಷ್ಟು ಖುಷಿಯಾಗಿತ್ತು ಎಂದರೆ, ಅವನಿಗೆ ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡಿನ ಎರಡನೇ ತುಂಡು ಕೊಟ್ಟಳು. ಹಾಗೆ ಯಾರಿಗೂ ಕೊಡುತ್ತಿರಲಿಲ್ಲ.

ಸೆಪ್ಟೆಂಬರಿನ ಮೂರನೇ ಶನಿವಾರ ಅವಳು ಅಟ್ಟಣೆಯ ಪಾಠ ಮಾಡಿದಳು. ಜಿಂಕೆ ನಿಮ್ಮನ್ನು ಕಣ್ಣಿಂದಲ್ಲ, ಮೂಗಿಂದ ಹಿಡಿಯುತ್ತದೆ. ಹಲಗೆ ಹಲಗೆ ಕೂಡುವ ಕಡೆಯೆಲ್ಲ ಉಬ್ಬಿ ಗಟ್ಟಿಯಾಗುವ ಫೋಮ್ ತುಂಬಿ, ಬಾಗಿಲ ಅಂಚಿಗೆ ರಬ್ಬರ್ ಪಟ್ಟಿ ಹೊಡೆಯಿರಿ. ಒಳಗೆ ಮೇಣದ ಬತ್ತಿ ಹಚ್ಚಿ ಹೊರಗೆ ಬಂದು ನೋಡಿ. ಎಲ್ಲಾದರೂ ಬೆಳಕು ಕಂಡರೆ ಅಲ್ಲಿಂದ ನಿಮ್ಮ ವಾಸನೆ ಹೋಗುತ್ತದೆ. ತನ್ನ ಅಟ್ಟಣೆಯಲ್ಲಿ ಬತ್ತಿ ಹಚ್ಚಿ ತೋರಿಸಿದಳು. ಒಂದು ಕೂದಲೆಳೆಯಷ್ಟೂ ಬೆಳಕು ಹೊರಗೆ ಬರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಇದನ್ನು ನಾನು ಬೇಲಿಯ ಮೇಲಿನಿಂದ ನೋಡಿದ್ದೇನೆ.

ಅಕ್ಟೋಬರಿನ ಕೊನೆಯ ಶನಿವಾರ ಹೀಟರಿನ ಪಾಠ. ಯಾವುದೋ ಮನೆ ಖಾಲಿ ಮಾಡುವಾಗ ಹರಾಜಿಗಿಟ್ಟ ಎರಡು ಹಳೆಯ ಗ್ಯಾಸ್ ಹೀಟರುಗಳನ್ನು ಅವಳು ತಂದಿದ್ದಳು. ಸಣ್ಣ ಸಿಲಿಂಡರಿನ ತಲೆಗೆ ತಿರುಗಿಸಿ ಕೂರಿಸುವಂಥವು. ಹೊಸ ಹೀಟರುಗಳು ಗಾಳಿ ಕೆಟ್ಟರೆ ತಾವಾಗಿ ಆರಿಹೋಗುತ್ತವೆ. ಇವು ಹಾಗಲ್ಲ. "ಹೊಸವು ಚಳೀಲಿ ಸುಮ್ಸುಮ್ನೆ ಆರಿಹೋಗ್ತವೆ, ಇವು ಕೊನೇತನಕ ಉರೀತವೆ" ಎಂದು ಅವಳು ಅದನ್ನೇ ಹೊಗಳಿದಳು. ತೂತುಗಳನ್ನು ಸೂಜಿಯಿಂದ ಶುಚಿ ಮಾಡಿ, ಮೇಜಿನ ಮೇಲೆ ಎರಡು ಗಂಟೆ ಉರಿಸಿದಳು. ಜ್ವಾಲೆ ಅಚ್ಚ ನೀಲಿ. ಒಂದನ್ನು ಒನ್ನಿಗೆ ಕೊಟ್ಟಳು. ಅವನ ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿರಲಿಲ್ಲ; ಈ ವರ್ಷ ಬೇಟೆ ಬಿಡುತ್ತೇನೆ ಎನ್ನುತ್ತಿದ್ದ. "ನೀನು ಬಿಟ್ರೆ ನಾನು ಯಾರ್ನ ಬೈಲಿ?" ಎಂದಳು. ಇನ್ನೊಂದನ್ನು ತಾನಿಟ್ಟುಕೊಂಡಳು.

ಎರಡೂ ಪಾಠ ಹಿತ್ತಲಿನಲ್ಲೇ ಪರೀಕ್ಷೆಯಾದವು. ಅಟ್ಟಣೆಯ ಪರೀಕ್ಷೆ ಹೀಟರಿಲ್ಲದೆ ಆಯಿತು. ಹೀಟರಿನ ಪರೀಕ್ಷೆ ಬಯಲು ಗಾಳಿಯಲ್ಲಿ ಆಯಿತು. ಅಲ್ಲಿದ್ದ ಇಪ್ಪತ್ತು ಇಪ್ಪತ್ತೈದು ಜನರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಆ ವರ್ಷ ಮಾರ್ಚಿನಲ್ಲಿ ಹೆಲ್ಮಿ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡಿದ್ದಳು. ಏಣಿ ಹತ್ತಬಾರದು ಎಂದು ವೈದ್ಯರು ಹೇಳಿದ್ದರು. ಹನ್ನೆರಡನೇ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸದವಳು ಹದಿನೈದನೇ ತಾರೀಖು ಊರಲ್ಲೇ ಉಳಿದಳು. ಆದರೂ ಅವಳಿಗೆ ಮನೆಯೊಳಗೆ ಕೂರಲು ಆಗಲಿಲ್ಲ. ಬೆಳಿಗ್ಗೆ ಆರೂವರೆಗೆ ಬೇಟೆಗಾರರ ಕಿತ್ತಳೆ ಬಣ್ಣದ ಟೊಪ್ಪಿ ಹಾಕಿಕೊಂಡು, ಕಾಫಿಯ ಫ್ಲಾಸ್ಕ್, ಒಂದು ತುಂಡು ಸಾಸೇಜ್, ಮುದಿ ನಾಯಿ ನಿಸು, ಇಷ್ಟು ಹಿಡಿದು ಹಿತ್ತಲಿನ ಅಟ್ಟಣೆಯಲ್ಲಿ ಹೋಗಿ ಕೂತಳು. ಬಂದೂಕಿಲ್ಲ. ಕಾಡಿನಿಂದ ಬರುವ ಗುಂಡಿನ ಸದ್ದು ಎಣಿಸುವುದು, ಅಷ್ಟೇ. ಹೊರಗೆ ಬಕೆಟ್ಟಿನಲ್ಲಿದ್ದ ನೀರು ಕಲ್ಲಾಗಿತ್ತು. ಕಿಟಕಿ ಮುಚ್ಚಿ ಹೀಟರ್ ಹಚ್ಚಿದಳು.

ಏಳು ಇಪ್ಪತ್ತಕ್ಕೆ ಮೊದಲ ಗುಂಡು ಕೇಳಿಸಿತು. ಆರರವರೆಗೆ ಎಣಿಸಿದ್ದು ಅವಳಿಗೆ ನೆನಪಿದೆ. ಆಮೇಲೆ ಏಳೋ ಒಂಬತ್ತೋ ಗೊತ್ತಾಗಲಿಲ್ಲ. ಹಣೆ ನೋಯುತ್ತಿತ್ತು, ಬರೀ ಹೊಟ್ಟೆಯಲ್ಲಿ ಕಾಫಿ ಕುಡಿದದ್ದಕ್ಕೆ ಎಂದುಕೊಂಡಳು. ತುಂಬ ಹಾಯೆನಿಸುತ್ತಿತ್ತಂತೆ. ಸಾಸೇಜ್ ಕೈಯಿಂದ ಜಾರಿ ನಿಸುವಿನ ಮೂಗಿನ ಮುಂದೆಯೇ ಬಿತ್ತು. ನಾಯಿ ಅದನ್ನು ನೋಡಿತು. ಏಳಲಿಲ್ಲ.

"ಹದಿಮೂರು ವರ್ಷದಲ್ಲಿ ಆ ನಾಯಿ ಸಾಸೇಜಿಗೆ ಏಳದೇ ಇದ್ದದ್ದು ಅದೇ ಮೊದಲು" ಎಂದು ಹೆಲ್ಮಿ ನನಗೆ ಹೇಳಿದಳು. "ನನ್ನ ತಲೆ ಕೆಟ್ಟಿತ್ತು ಕಣೋ, ಆದ್ರೆ ಅಷ್ಟು ಗೊತ್ತಾಯ್ತು."

ಎದ್ದು ನಿಂತಳು, ಕಾಲು ತನ್ನದಲ್ಲ ಅನ್ನಿಸಿತು. ಬಾಗಿಲಿಗೆ ಮೈ ಒರಗಿಸಿ ಹೊರಗೆ ಹಿಮದ ಮೇಲೆ ಬಿದ್ದಳು. ಕೈ ಒಳಗೆ ಚಾಚಿ ನಾಯಿಯನ್ನು ಕೊರಳಪಟ್ಟಿ ಹಿಡಿದು ಎಳೆದಳು. ನಿಸು ಹಿಮದ ಮೇಲೆ ವಾಂತಿ ಮಾಡಿತು, ಆಮೇಲೆ ತಲೆ ಎತ್ತಿತು. ಹೆಲ್ಮಿ ಬಿದ್ದಲ್ಲಿಂದಲೇ ತೆರೆದ ಬಾಗಿಲಿನೊಳಗೆ ನೋಡಿದಳು. ಹೀಟರಿನ ಜ್ವಾಲೆ ನೀಲಿ ಇರಲಿಲ್ಲ. ಗಾಳಿ ಸಾಲದೆ ಹಳದಿಯಾಗಿ, ಉದ್ದಕ್ಕೆ, ಓಲಾಡುತ್ತ ಉರಿಯುತ್ತಿತ್ತು.

ಗಾಳಿಗೆ ದಾರಿಯಿಲ್ಲದ ಪೆಟ್ಟಿಗೆಯಲ್ಲಿ ಬೆಂಕಿ ಹಚ್ಚಿದರೆ ವಾಸನೆಯೇ ಇಲ್ಲದ ವಿಷಗಾಳಿ ತುಂಬಿಕೊಳ್ಳುತ್ತದೆ ಎಂದು ಹೆಲ್ಮಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಡೇರೆಯೊಳಗೆ ಒಲೆ ಹಚ್ಚಬೇಡಿ ಎಂದು ಅವಳೇ ನೂರು ಜನರಿಗೆ ಹೇಳಿದ್ದಾಳೆ. ಆದರೆ ಡೇರೆ ಬಟ್ಟೆಯದು, ಅಟ್ಟಣೆ ಮರದ್ದು. ಮರದ್ದು ಎಲ್ಲಾದರೂ ಸೋರುತ್ತದೆ ಎಂಬ ಹಳೆಯ ಲೆಕ್ಕ ಅವಳ ತಲೆಯಲ್ಲಿ ಉಳಿದುಬಿಟ್ಟಿತ್ತು. ಸೋರದ ಹಾಗೆ ಮಾಡುವುದನ್ನು ಕಲಿಸಿದವಳು ತಾನೇ ಎಂಬುದು ಆ ಹೊತ್ತಿನವರೆಗೆ ನೆನಪಾಗಿರಲಿಲ್ಲ. ಇದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ಮೊದಲು ನೆನಪಾದವನು ಒನ್ನಿ. ಅಡುಗೆಮನೆಗೆ ತೆವಳಿ ಹೋಗಿ ಅವನಿಗೆ ಫೋನ್ ಮಾಡಿದಳು. ಅದು ರಿಂಗಾಗುತ್ತಲೇ ಇತ್ತು. ಫೋನನ್ನು ಗಾಡಿಯಲ್ಲೇ ಬಿಟ್ಟು ಹೋಗಿ ಎಂದು ಹೇಳಿಕೊಟ್ಟವಳೂ ಅವಳೇ.

ಗಾಡಿಯ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ಗಣಿ ರಸ್ತೆಯಲ್ಲಿ ಓಡಿಸಿದಳು. ಒನ್ನಿಯ ಅಟ್ಟಣೆ ರಸ್ತೆಯಿಂದ ಕಾಲು ಮೈಲಿ ಒಳಗೆ. ಆ ಸೊಂಟದಲ್ಲಿ, ಆ ಹಿಮದಲ್ಲಿ ನಡೆದು ಎಷ್ಟು ಹೊತ್ತಿಗೆ ಮುಟ್ಟುವುದು? ಕಷ್ಟದಲ್ಲಿರುವವರು ಮೂರು ಗುಂಡು ಹಾರಿಸಬೇಕು ಎನ್ನುವುದು ನಮ್ಮ ಕಾಡಿನ ನಿಯಮ. ಆದರೆ ಹದಿನೈದನೇ ತಾರೀಖು ಬೆಳಿಗ್ಗೆ ಮೂರು ಗುಂಡು ಕೇಳಿದರೆ, ಯಾರಿಗೋ ಗುರಿ ತಪ್ಪಿತು ಎಂದು ಜನ ನಗುತ್ತಾರೆ. ಆ ಒಂದು ದಿನ ಆ ನಿಯಮಕ್ಕೆ ಬೆಲೆ ಇಲ್ಲ. ಹೆಲ್ಮಿ ಎರಡೂ ಕೈ ಹಾರ್ನಿನ ಮೇಲೆ ಇಟ್ಟಳು. ಮೂರು, ಮತ್ತೆ ಮೂರು.

ಸ್ವಲ್ಪ ಹೊತ್ತಿಗೆ ಪೊದೆಗಳನ್ನು ತಳ್ಳಿಕೊಂಡು ಒನ್ನಿಯೇ ಬಂದ. ಮುಖ ಸುಟ್ಟ ಇಟ್ಟಿಗೆಯ ಹಾಗಿತ್ತು.

"ಯಾವನೋ ಅವ್ನು! ನಿನ್ನ ಹಾರ್ನ್ ಕಿತ್ತು ನಿನ್ನ ಬಾಯಿಗೆ... ಹೆಲ್ಮಿ? ನೀನಾ? ಎಂಟು ಕವಲು ಕಣೇ! ಎಂಟು ಕವಲಿನ ಕೊಂಬು, ನಲವತ್ತು ಗಜದಲ್ಲಿ ನಿಂತಿತ್ತು! ನನಗೇ ಕೇಳಿಸ್ತು ಅಂದ್ಮೇಲೆ ಅದಕ್ಕೆ ಕೇಳಿಸಲ್ವಾ? ತಲೆ ಕೆಟ್ಟಿದೆಯಾ ನಿಂಗೆ?"

ಹೆಲ್ಮಿ ಗಾಡಿಯಿಂದ ಇಳಿದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ವಿಷಗಾಳಿಗೆ ಕೆಂಪೇರಿದೆಯೇ ಎಂದು ತುಟಿಯ ಬಣ್ಣ ನೋಡಿದಳು. ಒನ್ನಿ ಬೈಗುಳ ನಿಲ್ಲಿಸಿಬಿಟ್ಟ. ಅಷ್ಟು ವರ್ಷದಲ್ಲಿ ಅವಳು ಅವನನ್ನು ಮುಟ್ಟಿದ್ದು ಬೆನ್ನಿಗೆ ಗುದ್ದಲು ಮಾತ್ರ.

"ತಲೆನೋವಿದೆಯಾ?" ಎಂದಳು.

"ಈಗ ಬಂತು. ನಿನ್ನಿಂದ."

"ಹೀಟರ್ ಹಚ್ಚಿದ್ಯಾ?"

"ಏನು?"

"ಹೀಟರ್! ಹೀಟರ್!"

"ಅದಾ? ಅದು ಸುಯ್ ಅನ್ನುತ್ತೆ, ಇರೋ ಅರ್ಧ ಕಿವೀನೂ ಕೇಳ್ಸಲ್ಲ. ಪೋಸ್ಟಿನ ಹುಡುಗನಿಗೆ ಕೊಟ್ಟೆ ಮೊನ್ನೆ."

ಹೆಲ್ಮಿ ಅವನ ಮುಖ ಬಿಟ್ಟಳು. ಒನ್ನಿ ಇನ್ನೂ ಮಾತಾಡುತ್ತಿದ್ದ. "ಅವನಿಗೆ ಕಾಲು ತಣ್ಣಗಾಗುತ್ತಂತೆ. ನೀನು ಹೇಳಿದ್ದೆಲ್ಲ ಹೇಳ್ಕೊಟ್ಟೆ. ಬರ್ಕೊಂಡ."

"ಅವನ ಅಟ್ಟಣೆ ನೋಡಿದೀಯಾ?"

"ನೋಡ್ದೆ. ಉಪ್ಪಿನಕಾಯಿ ಜಾಡಿ ಇದ್ದಂಗಿದೆ. ಎರಡು ದಿನ ಕೂತು ಫೋಮ್ ಹೊಡೆದಿದಾನೆ. ನಿನ್ನ ಮಾತು ಅಂದ್ರೆ ಅವನಿಗೆ ಸುವಾರ್ತೆ ತಾನೇ?" ಅಷ್ಟರಲ್ಲಿ ಅವಳ ಮುಖದಿಂದ ಒನ್ನಿಗೂ ಅರ್ಥವಾಯಿತು.

ಗ್ಯಾರೆಟ್‌ನ ಜಾಗ ಎರಡು ಮೈಲಿ ಮುಂದೆ, ಜೌಗು ನೆಲದ ಅಂಚಿನಲ್ಲಿ. ದಾರಿಯುದ್ದಕ್ಕೂ ಹೆಲ್ಮಿ ಹಾರ್ನ್ ಹೊಡೆಯುವುದನ್ನು ಬಿಡಲಿಲ್ಲ. ಎಡಕ್ಕೆ ಬಲಕ್ಕೆ ಕಾಡಿನೊಳಗಿಂದ ಜನ ಕೂಗುವುದು, ಶಪಿಸುವುದು ಕೇಳಿಸುತ್ತಿತ್ತಂತೆ. ಒನ್ನಿ ಪಕ್ಕದಲ್ಲಿ ಕೂತು ಬಂದೂಕನ್ನು ಮೊಣಕಾಲುಗಳ ನಡುವೆ ಹಿಡಿದು, "ಕಿಟಕಿ ತೆಗೆದಿರ್ತಾನೆ. ತೆಗೆದಿರ್ತಾನೆ ಬಿಡು" ಎನ್ನುತ್ತಲೇ ಇದ್ದ. ಹೆಲ್ಮಿ ಒಂದೇ ಮಾತು ಹೇಳಿದಳು: "ತೆಗೀಬೇಡ ಅಂದಿದೀನಿ."

ಗಾಡಿ ನಿಲ್ಲಿಸಿ ನೂರೈವತ್ತು ಹೆಜ್ಜೆ. ಅಟ್ಟಣೆಯ ಕಿಟಕಿಗಳೆಲ್ಲ ಒಳಗಿನಿಂದ ಮಂಜು ಕಟ್ಟಿದ್ದವು. ಕರೆದರು, ಉತ್ತರವಿಲ್ಲ. ಒನ್ನಿ ಹತ್ತು ಮೆಟ್ಟಿಲ ಏಣಿ ಹತ್ತಿದ. ಬಾಗಿಲಿಗೆ ಒಳಗಿನಿಂದ ಅಗುಳಿ. ಗಾಳಿಗೆ ಬಾಗಿಲು ಬಡಿಯಬಾರದೆಂದು ಅಗುಳಿ ಹಾಕಿಕೊಳ್ಳುವುದೂ ಪಾಠದಲ್ಲಿ ಇತ್ತು. ಒನ್ನಿ ಬಂದೂಕಿನ ಹಿಡಿ ಎತ್ತಿ ಕಿಟಕಿಗೆ ಹೊಡೆಯಲು ಹೋದ. ಕೆಳಗಿನಿಂದ ಹೆಲ್ಮಿ ಚೀರಿದಳು: "ಗುಂಡು ತೆಗಿ ಮೊದ್ಲು! ಗುಂಡು ತೆಗಿಯೋ!"

ಅವನು ಒಂದೊಂದಾಗಿ ಐದು ಗುಂಡು ತೆಗೆದು ಜೇಬಿಗೆ ಹಾಕಿಕೊಂಡ. ಅಷ್ಟು ಕಾದದ್ದೇ ತನ್ನ ಜೀವನದ ಅತಿ ಉದ್ದದ ಹೊತ್ತು ಎಂದು ಹೆಲ್ಮಿ ಹೇಳಿದಳು. ಆದರೆ ಆಗ ಸುಮ್ಮನಿದ್ದಿದ್ದರೆ ಒನ್ನಿ ತನ್ನ ಹೊಟ್ಟೆಗೇ ಗುಂಡು ಹಾರಿಸಿಕೊಳ್ಳುತ್ತಿದ್ದ ಎಂದೂ ಹೇಳಿದಳು. ಆಮೇಲೆ ಗಾಜು ಒಡೆಯಿತು. ಬೇಕರಿಯ ಬಾಗಿಲು ತೆಗೆದ ಹಾಗೆ ಬಿಸಿ ಗಾಳಿ ಒನ್ನಿಯ ಮುಖಕ್ಕೆ ಹೊಡೆಯಿತು.

ಗ್ಯಾರೆಟ್ ಕುರ್ಚಿಯಲ್ಲಿ ಒಂದು ಕಡೆಗೆ ವಾಲಿದ್ದ. ಕೆನ್ನೆ ಕೆಂಪಗೆ, ಆಟವಾಡಿ ಬಂದವನ ಹಾಗೆ. ಅದನ್ನು ಒನ್ನಿಯೇ ನನಗೆ ಹೇಳಿದ. "ಸತ್ತವರು ಬಿಳುಚಿಕೊಂಡಿರ್ತಾರೆ ಅಂದ್ಕೊಂಡಿದ್ದೆ ನಾನು. ಇವ್ನು ಚೆನ್ನಾಗಿದ್ದ. ಅದಕ್ಕೇ ಭಯ ಆಯ್ತು." ನಿದ್ದೆ ಬಂದರೆ ಗುಂಡು ತೆಗೆದಿಡಬೇಕೆಂಬ ಪಾಠದಂತೆ, ಅವನ ಬಂದೂಕು ಖಾಲಿಯಾಗಿ ಮೂಲೆಯಲ್ಲಿತ್ತು. ಹಸಿರು ಪುಸ್ತಕ ಕಿಟಕಿಯ ಹಲಗೆಯ ಮೇಲೆ ತೆರೆದಿತ್ತು.

ಒನ್ನಿ ಕೈ ಒಳಗೆ ಹಾಕಿ ಅಗುಳಿ ತೆಗೆದು ಹೀಟರ್ ಆರಿಸಿದ. ಉಸಿರಿತ್ತು, ತುಂಬ ಸಣ್ಣದಾಗಿ. ಆದರೆ ಆ ಮೈಯನ್ನು ಹತ್ತು ಮೆಟ್ಟಿಲು ಇಳಿಸುವವರು ಯಾರು? ಒಬ್ಬಳು ಮುರಿದ ಸೊಂಟದವಳು, ಒಬ್ಬ ಕಾಲಿನಲ್ಲಿ ರಕ್ತವಿಲ್ಲದವನು.

ಅಷ್ಟರಲ್ಲಿ ಸಾಲ್ಮೆಲಾ ಅಣ್ಣತಮ್ಮಂದಿರು ಮೂವರೂ ಕಾಡಿನಿಂದ ಹೊರಬಂದರು. ಹಾರ್ನ್ ಹೊಡೆದವರನ್ನು ಹಿಡಿದು ಎರಡು ಬಿಡಲೆಂದೇ ಅವರು ಬಂದದ್ದು. ದೊಡ್ಡವನು ದೂರದಿಂದಲೇ, "ಯಾವ ಸೇತುವೆ ಆಚೆಯ ಬೇವಾರ್ಸಿ ಅದು?" ಎಂದು ಕೂಗುತ್ತ ಬರುತ್ತಿದ್ದ. ಹೆಲ್ಮಿಯನ್ನು ಕಂಡು ಅವನ ಬಾಯಿ ತೆರೆದೇ ಉಳಿಯಿತು.

"ಬೈಯೋದು ಆಮೇಲೆ. ಹತ್ತು" ಎಂದಳು ಹೆಲ್ಮಿ.

ಅವರು ಹತ್ತಿದರು. ಜಿಂಕೆ ಎಳೆಯುವ ಹಗ್ಗವನ್ನು ಅವನ ಕಂಕುಳಿಗೆ ಕಟ್ಟಿ ಇಳಿಸಿದರು. ಜಿಂಕೆ ಎಳೆಯಲೆಂದು ತಂದಿದ್ದ ಪ್ಲಾಸ್ಟಿಕ್ಕಿನ ಜಾರುಬಂಡಿಯ ಮೇಲೆಯೇ ಅವನನ್ನು ಮಲಗಿಸಿ ಗಾಡಿಯವರೆಗೆ ಎಳೆದರು. ಚಿಕ್ಕವನು ದಿಬ್ಬದ ಮೇಲೆ ಓಡಿಹೋಗಿ, ಸಿಗ್ನಲ್ ಸಿಗುವ ಕಡೆಯಿಂದ ಆಂಬುಲೆನ್ಸಿಗೆ ಹೇಳಿದ. ಅದು ಬರುವ ದಾರಿಯಲ್ಲೇ ಎದುರಾಗಿ ಒಪ್ಪಿಸಿದರು. ಕೋಪ ಬರದೇ ಇದ್ದಿದ್ದರೆ ಆ ಮೂವರು ತಮ್ಮ ಜಾಗ ಬಿಟ್ಟು ಏಳುತ್ತಿರಲಿಲ್ಲ. ಇದನ್ನು ಅವರೇ ಹೇಳಿದ್ದಾರೆ.

ಗ್ಯಾರೆಟ್ ಬದುಕಿದ. ಹನ್ನೊಂದು ದಿನ ದೂರದ ಆಸ್ಪತ್ರೆಯಲ್ಲಿದ್ದ.

ಊರಿನಲ್ಲಿ ಯಾರೂ ಹೆಲ್ಮಿಯನ್ನು ಬೈಯಲಿಲ್ಲ. ಆ ಸಂಜೆ ಅಂಗಡಿಯ ಮುಂದೆ ಜಿಂಕೆಗಳನ್ನು ತೂಗುವ ಕಡೆ ಜನ ಸೇರಿದ್ದರು, ಆದರೆ ಯಾವ ವರ್ಷದ ಹಾಗೂ ಇರಲಿಲ್ಲ. ಕೊಂಬಿನ ಕವಲು ಎಣಿಸಲಿಲ್ಲ. ಒಬ್ಬೊಬ್ಬರಾಗಿ ಸುಮ್ಮನೆ ಹೇಳಿಕೊಂಡರು: ನನ್ನದಕ್ಕೂ ಫೋಮ್ ಹೊಡೆದಿದ್ದೆ. ನಾನೂ ಹೀಟರ್ ತಗೋಬೇಕು ಅಂತಿದ್ದೆ. ಮೂವರ ಹತ್ತಿರ ಎರಡೂ ಇದ್ದವು. ಒಬ್ಬನಿಗೆ ಗ್ಯಾಸ್ ಮುಗಿದಿತ್ತು, ಒಬ್ಬ ಸಿಗರೇಟಿಗೆಂದು ಕಿಟಕಿ ತೆಗೆದಿದ್ದ, ಒಬ್ಬ ತಡವಾಗಿ ಎದ್ದು ಹೋಗಿಯೇ ಇರಲಿಲ್ಲ.

ಗ್ಯಾರೆಟ್‌ನ ಅಕ್ಕ ಬಂದಾಗ ಹೆಲ್ಮಿ ಅವಳ ಹತ್ತಿರ ಹಸಿರು ಪುಸ್ತಕ ಕೇಳಿ ಪಡೆದಳು. ಒನ್ನಿಯ ಜೊತೆ ಅಡುಗೆಮನೆಯಲ್ಲಿ ಕೂತು ಓದಿದಳು. ಆರನೇ ಪುಟದಲ್ಲಿ ಫೋಮ್, ಮೇಣದ ಬತ್ತಿ. ಹತ್ತೊಂಬತ್ತನೇ ಪುಟದಲ್ಲಿ ಹೀಟರ್, ಸೂಜಿ, ನೀಲಿ ಜ್ವಾಲೆ.

"ತಪ್ಪು ಬರ್ಕೊಂಡಿದಾನಾ?" ಎಂದ ಒನ್ನಿ.

"ಇಲ್ಲ. ಒಂದಕ್ಷರ ತಪ್ಪಿಲ್ಲ."

"ನೀನೂ ತಪ್ಪು ಹೇಳ್ಲಿಲ್ಲ ಹಾಗಾದ್ರೆ."

ಹೆಲ್ಮಿ ಆರನೇ ಪುಟಕ್ಕೂ ಹತ್ತೊಂಬತ್ತನೇ ಪುಟಕ್ಕೂ ಬೆರಳಿಟ್ಟು ನಡುವಿನ ಹಾಳೆಗಳನ್ನು ಒಟ್ಟಿಗೆ ಹಿಡಿದಳು. ಅವು ತೀರ ತೆಳ್ಳಗಿದ್ದವು. "ಇಷ್ಟೇ ಕಣೋ" ಎಂದಳು. "ನಾನು ಇಷ್ಟು ಹಿಂದೆ ತಿರುಗಿ ನೋಡ್ಲಿಲ್ಲ."

ಚಳಿಗಾಲ ಪೂರ್ತಿ ಹಿತ್ತಲು ಖಾಲಿ ಇತ್ತು. ಕಾಲುಚೀಲದ ಹಗ್ಗವನ್ನೂ ಬಿಚ್ಚಿದಳು. ಅಟ್ಟಣೆಯನ್ನು ಒನ್ನಿ ಕೊಡಲಿಯಿಂದ ಒಡೆದು, ಸೌನಾ ಎನ್ನುವ ಬೆವರು ಸ್ನಾನದ ಕೋಣೆಯ ಒಲೆಗೆ ಹಾಕಿದ. ಯಾರಾದರೂ ಬೇಲಿಯ ಹತ್ತಿರ ನಿಂತು ಏನಾದರೂ ಕೇಳಿದರೆ ಹೆಲ್ಮಿ ಮೊದಲು, "ಅದರ ಜೊತೆ ಇನ್ನೇನೇನು ಇಟ್ಕೊಂಡಿದೀಯಾ?" ಎಂದು ಕೇಳುತ್ತಿದ್ದಳು. ಎಲ್ಲ ಹೇಳಿದ ಮೇಲೂ ಅರ್ಧ ಸಲ, "ನಂಗೊತ್ತಿಲ್ಲ, ಬೇರೆಯವರನ್ನೂ ಕೇಳು" ಎನ್ನುತ್ತಿದ್ದಳು. ಹೆಲ್ಮಿಯ ಬಾಯಲ್ಲಿ ನಂಗೊತ್ತಿಲ್ಲ ಎಂಬ ಮಾತು ಕೇಳಿದ ಮೊದಲ ಸಲ ಒನ್ನಿ ತನ್ನ ಕಿವಿಯ ಯಂತ್ರ ತೆಗೆದು ಒರೆಸಿ ಹಾಕಿಕೊಂಡ.

ಏಪ್ರಿಲಿನ ಒಂದು ಶನಿವಾರ, ಹಿಮ ಕರಗಿ ನೆಲ ಕೆಸರಾಗಿದ್ದಾಗ, ಗ್ಯಾರೆಟ್ ನಡೆದುಕೊಂಡು ಬಂದ. ಅವನು ಕೆಲಸಕ್ಕೆ ಮರಳಿದ್ದ. ಆದರೆ ಈಗ ಗಾಡಿಯಲ್ಲಿ ಹೋಗುತ್ತಿರಲಿಲ್ಲ. ಒಳಗೆ ಕೂತು ಕಾಗದ ವಿಂಗಡಿಸುತ್ತಿದ್ದ. ಮುಂದೆ ನಾನ್ನೂರ ಹನ್ನೆರಡು ಹೆಸರಿನ ಪಟ್ಟಿ ಅಂಟಿಸಿಕೊಂಡಿದ್ದ. ಪಟ್ಟಿ ನೋಡಿದರೂ ಬೇರೆಯವರ ಕೆಲವು ಕಾಗದ ನಮ್ಮ ಮನೆಗೆ ಬಂದು, ನಾನೇ ಅವನ್ನು ಸರಿಯಾದ ಮನೆಗೆ ಹಾಕಿ ಬಂದಿದ್ದೇನೆ. ನಾವು ಯಾರೂ ಅದನ್ನು ಅಂಚೆ ಕಚೇರಿಯಲ್ಲಿ ಹೇಳಲಿಲ್ಲ.

ಹೆಲ್ಮಿ ಮತ್ತು ಒನ್ನಿ ಗ್ಯಾರೇಜಿನ ಬಾಗಿಲಲ್ಲಿ ಕೂತಿದ್ದರು. ನಾನು ಬೇಲಿಯ ಈಚೆ ಸೌದೆ ಜೋಡಿಸುತ್ತಿದ್ದೆ. ಗ್ಯಾರೆಟ್‌ನ ಬೂಟು ಕೆಸರಲ್ಲಿ ನೆನೆದಿತ್ತು.

"ಹೆಲ್ಮಿ, ಒದ್ದೆ ಬೂಟನ್ನ ಒಲೆ ಹತ್ರ ಇಟ್ಟು ಒಣಗಿಸಬಹುದಾ?" ಎಂದ.

ಅದು ಅವನ ಪುಸ್ತಕದ ಮೊದಲ ಪುಟದಲ್ಲೇ ಇತ್ತು. ಹೆಲ್ಮಿ ಹೇಳಿದಳು: "ಬೇಡ. ಪೇಪರ್ ತುಂಬಿಡು. ಎರಡು ಗಂಟೆಗೊಂದ್ಸಲ ಬದಲಾಯಿಸು."

ಅವನು ತಲೆಯಾಡಿಸಿದ. ನಿಸುವಿನ ಬೆನ್ನು ಸವರಿದ. ಹಿಮ ಕರಗಿದ್ದರ ಬಗ್ಗೆ ಏನೋ ಹೇಳಿದ. ಆಮೇಲೆ, "ಒದ್ದೆ ಬೂಟನ್ನ ಒಲೆ ಹತ್ರ ಇಡಬಹುದಾ ಹೆಲ್ಮಿ?" ಎಂದ.

ಒನ್ನಿ ಅಭ್ಯಾಸ ಬಲದಿಂದ ನಕ್ಕು, "ಯಾಕಪ್ಪಾ, ಕಲ್ಲಿನ ಮೇಲೆ..." ಎಂದು ಶುರು ಮಾಡಿದ. ಅಲ್ಲಿಗೇ ನಿಲ್ಲಿಸಿ ನೆಲ ನೋಡತೊಡಗಿದ. ನನ್ನ ಕೈಯಲ್ಲಿದ್ದ ಸೌದೆಯನ್ನು ಇಡಲು ನನಗೆ ಮರೆತುಹೋಯಿತು.

"ಬೇಡ" ಎಂದಳು ಹೆಲ್ಮಿ, ಮೊದಲ ಸಲದ ಅದೇ ದನಿಯಲ್ಲಿ. "ಪೇಪರ್ ತುಂಬಿಡು. ಎರಡು ಗಂಟೆಗೊಂದ್ಸಲ ಬದಲಾಯಿಸು." ಆಮೇಲೆ ಎದ್ದು ಒಳಗಿನಿಂದ ಹಳೆಯ ಪತ್ರಿಕೆಗಳನ್ನು ತಂದಳು. ಅವನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ತಾನು ಕಷ್ಟಪಟ್ಟು ಬಗ್ಗಿ ಬೂಟುಗಳ ದಾರ ಬಿಚ್ಚಿದಳು. ಅವನು ಹಾಳೆಗಳನ್ನು ಒಂದೊಂದಾಗಿ ಮುದುಡಿ, ಬಹಳ ಜಾಗ್ರತೆಯಿಂದ ಬೂಟಿನ ತುದಿಯವರೆಗೆ ತಳ್ಳಿ ಒಂದನ್ನು ತುಂಬಿಸಿ ಮುಗಿಸಿದ. ಚೆನ್ನಾಗಿ ತುಂಬಿಸಿದ್ದ. ಇನ್ನೊಂದು ಬೂಟನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದ.

"ಹೆಲ್ಮಿ, ಇದನ್ನ ಒಲೆ ಹತ್ರ ಇಡಬಹುದಾ?"

"ಬೇಡ ಕಣೋ" ಎಂದು ಹೆಲ್ಮಿ ಅವನ ಕೈಗೆ ಮುಂದಿನ ಹಾಳೆ ಕೊಟ್ಟಳು. "ಪೇಪರ್ ತುಂಬು. ಹೇಗೆ ಅಂತ ತೋರಿಸ್ತೀನಿ."